ಅಗಾಧಾ

ಪೊನ್ನಂಪೇಟೆಯ ಮಳೆಗಾಲವನ್ನು ಕಂಡವನಿಗೆ ನೀರಿನ ವಿಷಯವಾಗಿ ಇನ್ನೊಬ್ಬರು ಹೇಳಬೇಕಾದುದೇನೂ ಉಳಿದಿರುವುದಿಲ್ಲವೆಂದು ನಂಬಿದ್ದೆ. ಆ ನಂಬಿಕೆಯನ್ನು ಕೆಡಿಸಿದವನು ನನ್ನ ತಮ್ಮ. ಕರಾವಳಿಯ ಪ್ರಯೋಗಶಾಲೆಯೊಂದರಲ್ಲಿ ಅವನು ಕಡಲ ಕೆಸರನ್ನು ಸೋಸುತ್ತಾನೆ. ಹೀಗೆಂದರೆ ಅವನಿಗೆ ಕೋಪ; ನಮ್ಮ ತಾಯಿ ನೆರೆಹೊರೆಯವರಿಗೆ ಹೇಳುವುದು ಮಾತ್ರ ಹೀಗೆಯೇ.

ಹಿಂದೂ ಮಹಾಸಾಗರದ 5,000 ಮೀಟರಿಗೂ ಮಿಕ್ಕ ಆಳದಿಂದ ತೆಗೆದ ಕೆಸರಿನಲ್ಲಿ ಅವನಿಗೊಂದು ಬ್ಯಾಕ್ಟೀರಿಯಾ ದೊರಕಿತ್ತು. ಹತ್ತು ಮೀಟರು ಇಳಿದಂತೆಲ್ಲ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದಂತೆ. ಅಲ್ಲಿಗೆ ಐನೂರು ಪಟ್ಟು. ಕತ್ತಲೆ, ಕೊರೆಯುವ ಚಳಿ. ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರು ಮಣ್ಣು ಕೂಡುವ ನೆಲ. ಅಲ್ಲಿಯೂ ಸಂಸಾರ ಹೂಡಿದವರುಂಟು! ಮರಿಯಾನಾ ಕಂದಕದ 10,898 ಮೀಟರು ಆಳದ ಕೆಸರಿನಲ್ಲಿ ದೊರೆತು, 1999ರಲ್ಲಿ ಜಪಾನೀ ವಿಜ್ಞಾನಿಗಳಿಂದ ಮೊರಿಟೆಲ್ಲ ಯಯನೋಸಿಯೈ ಎಂದು ಹೆಸರು ಪಡೆದ ಜೀವಿಯಂತೂ ಸುಮಾರು ಐನೂರು ವಾಯುಮಂಡಲಗಳ ಭಾರ ಮೈಮೇಲಿಲ್ಲದಿದ್ದರೆ ಬೆಳೆಯುವುದೇ ಇಲ್ಲ. ತಮ್ಮನದು ಅಷ್ಟು ಹಟದ್ದಲ್ಲ. ಗಾಜಿನ ತಟ್ಟೆಯಲ್ಲಿ ನಿಧಾನವಾಗಿ ಬೆಳೆಯಿತು.

ಬೆಳೆದ ಮಾತ್ರಕ್ಕೆ ಅದು ಹೊಸದಾಗುವುದಿಲ್ಲ. ಎಲ್ಲ ಬ್ಯಾಕ್ಟೀರಿಯಾಗಳಲ್ಲಿಯೂ ಇರುವ 16 ಎಸ್ ಎಂಬ ಜೀನಿನ ಅಕ್ಷರಗಳನ್ನು ಓದಿ, ತಿಳಿದ ಜಾತಿಗಳೊಡನೆ ಹೋಲಿಸಬೇಕು. ಸಾಮ್ಯವು ನೂರಕ್ಕೆ 98.7ಕ್ಕಿಂತ ಕಡಿಮೆಯಾದರೆ ಆಸೆ ಚಿಗುರುತ್ತದೆ. ಹೆಚ್ಚಾದರೆ ಇಡಿಯ ಜೀನೋಮನ್ನೇ ಎದುರಿಗಿಟ್ಟು ನೋಡಬೇಕು. ಅಲ್ಲಿ 95–96 ಗಡಿ. ಮೇಲೆ ಅದು ಉಣ್ಣುವುದೇನು, ಎಷ್ಟು ಉಪ್ಪು ತಡೆಯುತ್ತದೆ, ಮೈಯ ಕೊಬ್ಬು ಯಾವ ಬಗೆಯದು, ಎಲ್ಲ ವಿಚಾರಿಸಬೇಕು. ನಮ್ಮಲ್ಲಿ ಹೆಣ್ಣು ಕೊಡುವಾಗಲೂ ಇಷ್ಟು ವಿಚಾರಿಸುವುದಿಲ್ಲ. ಕೊನೆಗೆ ಜೀವಂತ ಮಾದರಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ಅವನು ಕಳುಹಿಸಿದ ಮೊದಲ ಕೊಳವೆ ದಾರಿಯಲ್ಲಿಯೇ ಸತ್ತಿತ್ತು.

ಉಳಿದುದು ಹೆಸರು. ಅಣ್ಣ ಕನ್ನಡ ಎಂ.ಎ. ಎಂಬ ಅಭಿಮಾನದಿಂದ ಅದನ್ನು ನನಗೆ ಒಪ್ಪಿಸಿದ. 'ಪೊನ್ನಂಪೇಟೆನ್ಸಿಸ್' ಎಂದೆ. ನಕ್ಕುಬಿಟ್ಟ, ಊರಿನ ಹೆಸರಿಟ್ಟರೆ ಜೀವಿ ಅಲ್ಲಿ ದೊರೆತಿರಬೇಕು, ಇಲ್ಲವೆ ಅಲ್ಲಿ ಅಭ್ಯಾಸಕ್ಕೊಳಗಾಗಿರಬೇಕಂತೆ. ಇಸ್ರೋ ಸಂಸ್ಥೆ 2005ರಲ್ಲಿ ಹೈದರಾಬಾದಿನಿಂದ ಬಲೂನು ಹಾರಿಸಿ ತರಿಸಿದ ಮೇಲ್ಗಾಳಿಯಲ್ಲಿ ಸಿಕ್ಕ ಒಂದಕ್ಕೆ 2009ರಲ್ಲಿ ಬ್ಯಾಸಿಲಸ್ ಇಸ್ರೊನೆನ್ಸಿಸ್ ಎಂದು ಹೆಸರಾಯಿತಂತೆ. ಆಮೇಲೆ ಅದನ್ನು ಸೊಲಿಬ್ಯಾಸಿಲಸ್ ಕುಲಕ್ಕೆ ಸೇರಿಸಿದರು. ಮನೆತನ ಬದಲಾದರೂ ಇಟ್ಟ ಹೆಸರು ಉಳಿಯಿತು.

ನಾನು ನಿಘಂಟುಗಳನ್ನು ಹರಡಿಕೊಂಡು ಕುಳಿತೆ. ನಮ್ಮ ಕೇಶಿರಾಜ ಒಂಬತ್ತು ಲಿಂಗಗಳನ್ನು ಹೇಳಿದ್ದಾನೆ. ಲ್ಯಾಟಿನ್ನಿಗೆ ಮೂರೇ ಸಾಕು. ತಮ್ಮನ ಜೀವಿ ಸೇರಿದ ಕುಲದ ಹೆಸರು ಸ್ತ್ರೀಲಿಂಗ. ಹೆಸರನ್ನು ಯಾವ ಭಾಷೆಯಿಂದಾದರೂ ತರಬಹುದು, ಲ್ಯಾಟಿನ್ನಿನ ಉಡುಪು ತೊಡಿಸಬೇಕಷ್ಟೆ. 'ಅಗಾಧಾ' ಎಂದು ಬರೆದೆ. ತಳಕಾಣದವಳು. ಉಡುಪನ್ನು ಬದಲಿಸುವ ಅಗತ್ಯವೇ ಬೀಳಲಿಲ್ಲ! ಇಷ್ಟಕ್ಕೆ ನಾನು ತೆಗೆದುಕೊಂಡುದು ಮೂರು ವಾರ.

ಲೇಖನ ಪರಿಶೀಲಕರ ಕೈಯಲ್ಲಿದ್ದಾಗ, ಬೇರೊಂದು ದೇಶದ ತಂಡ ಬೇರೊಂದು ಕಡಲಿನ ಕೆಸರಿನಿಂದ ಒಂದು ಹೊಸ ಜಾತಿಯನ್ನು ಪ್ರಕಟಿಸಿತು. ಜೀನೋಮುಗಳನ್ನು ಹೋಲಿಸಿದಾಗ ನೂರಕ್ಕೆ 98. ಎರಡೂ ಒಂದೇ. ಮೊದಲು ಪ್ರಕಟವಾದ ಹೆಸರೇ ಸಿಂಧು, ಅದು ನಿಯಮ. ನಾಲ್ಕು ವರ್ಷಗಳ ದುಡಿಮೆ ಮತ್ತೊಬ್ಬರ ಜಾತಿಯ ಇನ್ನೊಂದು ಮಾದರಿಯಾಗಿ ನಿಂತಿತು.

ಕಳೆದ ಆಷಾಢದಲ್ಲಿ ಬಂದವನು ಇದನ್ನು ಊಟದ ನಡುವೆ, ಬಸ್ಸು ತಪ್ಪಿತೆಂದು ಹೇಳುವವನಂತೆ ಹೇಳಿದ. ತಾಯಿ ಸಾರು ಬಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಎಲೆಯನ್ನು ನೋಡಿದೆ. ಮೂರು ವಾರ ಮುಂಚೆ ಹೋಗಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಲಾರರು. ಅವನಂತೂ ಆ ಮಾತೆತ್ತಲೇ ಇಲ್ಲ. ಅದೇ ನನಗೆ ಹೆಚ್ಚು ಭಾರವಾಯಿತು.

ಮರುದಿನ ಹೊರಡುವಾಗ, ಹೆಸರು ಬರೆದ ಕಾಗದ ಇದೆಯೇ ಎಂದು ಕೇಳಿದ. ಶಬ್ದಮಣಿದರ್ಪಣದೊಳಗಿಂದ ತೆಗೆದುಕೊಟ್ಟೆ.

"ಇನ್ನೂ ಅರುವತ್ತು ಕೊಳವೆಗಳಿವೆ," ಎಂದ.

"ಮುಂದಿನದರ ಕುಲ ಪುಲ್ಲಿಂಗವಾದರೆ?"

"ಅಗಾಧಸ್. ಇದಕ್ಕೆ ಮೂರು ವಾರ ಬೇಡ," ಎಂದು ಕೊಡೆ ಬಿಚ್ಚಿಕೊಂಡು ಮಳೆಗಿಳಿದ.