ಓಡುವ ಮೂಗು, ನಡೆಯುವ ಮನೆ

ಮೊನ್ನೆ ಸಂಜೆ ಪಕ್ಕದ ಮನೆಯ ಏಳನೇ ತರಗತಿಯ ಹುಡುಗಿ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದು, "ಅಂಕಲ್, ಮೂಗು ಹೇಗೆ ಓಡುತ್ತೆ?" ಎಂದಳು. ಪಾಠದಲ್ಲಿ ಯಾರಿಗೋ ನೆಗಡಿಯಾಗಿತ್ತು. 'ಹಿಸ್ ನೋಸ್ ಈಸ್ ರನ್ನಿಂಗ್' ಎಂದಿತ್ತು. ರನ್ ಎಂದರೆ ಓಡು ಎಂದು ಅವಳು ಚಿಕ್ಕ ತರಗತಿಯಲ್ಲೇ ಬಾಯಿಪಾಠ ಮಾಡಿದ್ದಾಳೆ. ಅವಳ ತಪ್ಪೇನೂ ಇಲ್ಲ.

"ನಮ್ಮ ಮೂಗು ಸೋರುತ್ತದೆ, ಅವರದು ಓಡುತ್ತದೆ, ಅಷ್ಟೇ" ಎಂದೆ. ಮಗು ನಕ್ಕಿತು. ಕೂರಿಸಿಕೊಂಡು ಇನ್ನಷ್ಟು ಹೇಳಿದೆ. ನಲ್ಲಿಯಲ್ಲಿ ನೀರು ಸುರಿದರೂ ರನ್, ಒಗೆದ ಬಟ್ಟೆ ಬಣ್ಣ ಬಿಟ್ಟರೂ ರನ್. ಡಬ್ಬಿಯ ಸಕ್ಕರೆ ಮುಗಿದರೆ 'ರನ್ ಔಟ್'. ಕ್ರಿಕೆಟ್ಟಿನ ರನ್ ಔಟ್ ಬೇರೆ. ಹಳೆಯ ಗೆಳೆಯ ದಾರಿಯಲ್ಲಿ ಅಚಾನಕ್ಕಾಗಿ ಸಿಕ್ಕರೆ 'ರನ್ ಇಂಟು', ಬಸ್ಸು ಯಾರ ಮೇಲಾದರೂ ಹರಿದರೆ 'ರನ್ ಓವರ್'. ಚುನಾವಣೆಗೆ ನಾವು ನಿಲ್ಲುತ್ತೇವೆ, ಇಂಗ್ಲೆಂಡಿನವರೂ ನಿಲ್ಲುತ್ತಾರೆ, ಅಮೆರಿಕದವರು ಮಾತ್ರ ಓಡುತ್ತಾರೆ! ಹಾಗೆಂದು ನಮ್ಮ 'ಓಡು' ಏನೂ ಕಡಿಮೆಯಲ್ಲ. ಸಿನಿಮಾ ನೂರು ದಿನ ಓಡುತ್ತದೆ, ಪರೀಕ್ಷೆಯ ದಿನ ತಲೆಯೇ ಓಡುವುದಿಲ್ಲ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಹೆಚ್ಚು ಜಾಗ ಹಿಡಿದ ಪದ 'ಸೆಟ್'. ಮುಂದೆ ನಿಘಂಟನ್ನು ಪರಿಷ್ಕರಿಸುವಾಗ 'ರನ್' ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಗುರುತಿಸಿದ್ದಾರೆಂದು 2011ರಲ್ಲಿ ಸುದ್ದಿಯಾಗಿತ್ತು. ಅವುಗಳಲ್ಲಿ ಒಂದೇ ಒಂದು ಅರ್ಥ ತಿಳಿದಿದ್ದರಿಂದ ನನಗೆ ಆದ ಫಜೀತಿಯನ್ನು ಆ ಮಗುವಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಎಸ್ಸೆಸ್ಸೆಲ್ಸಿ ಮುಗಿಸಿ ಪಟ್ಟಣದ ಉಚಿತ ಹಾಸ್ಟೆಲೊಂದಕ್ಕೆ ಅರ್ಜಿ ಹಾಕಿದ್ದೆ. ಕನ್ನಡ ಮಾಧ್ಯಮದವನು, ಐದನೇ ತರಗತಿಯಲ್ಲಿ ಎಬಿಸಿಡಿ ಕಂಡವನು. ಸಂದರ್ಶನದಲ್ಲಿ ಕೋಟು ತೊಟ್ಟ ಹಿರಿಯರೊಬ್ಬರು, "ಹೂ ರನ್ಸ್ ಯುವರ್ ಫ್ಯಾಮಿಲಿ?" ಎಂದರು. ಎದೆ ಧಸಕ್ಕೆಂದಿತು. ಇವರಿಗೆ ಹೇಗೆ ಗೊತ್ತಾಯಿತು? "ಮೈ ಫಾದರ್, ಸರ್" ಎಂದೆ. ಅವರು ತಲೆಯಾಡಿಸಿದರು. ಅಷ್ಟರಲ್ಲಿ ನಾನು ಭೂತಕಾಲಕ್ಕೆ ತಿದ್ದಿಕೊಂಡೆ: "ಹಿ ರ‍್ಯಾನ್, ಸರ್. ಫೈವ್ ಇಯರ್ಸ್ ಬ್ಯಾಕ್."

ಎಲ್ಲರೂ ನಕ್ಕರು. ಒಬ್ಬರು ಕನ್ನಡದಲ್ಲಿ, "ಎಲ್ಲಿಗಪ್ಪಾ ಓಡಿದರು?" ಎಂದರು.

"ಗೊತ್ತಿಲ್ಲ ಸಾರ್. ಹೋದವರು ಬರಲಿಲ್ಲ."

ನಗು ನಿಂತಿತು. "ಹಾಗಾದರೆ ಮನೆ ನಡೆಸುವವರು ಯಾರು?"

"ಅವ್ವ ಸಾರ್. ಹೂ ಕಟ್ಟಿ ಮಾರ್ತಾಳೆ."

"ನಾವು ಕೇಳಿದ್ದು ಅದನ್ನೇ ಕಣಪ್ಪ" ಎಂದು ಅವರು ದನಿ ತಗ್ಗಿಸಿ ಹೇಳಿದರು. ಸೀಟು ಸಿಕ್ಕಿತು.

ಊರಿನಲ್ಲಿ ಅವ್ವ, 'ಯಜಮಾನರು ಬೊಂಬಾಯಿಯಲ್ಲಿ ಕೆಲಸದಲ್ಲಿದ್ದಾರೆ' ಎಂದೇ ಹೇಳಿಕೊಂಡು ಬಂದಿದ್ದಳು. ನಡೆದದ್ದನ್ನು ಹೇಳಿದಾಗ ಹೂ ಕಟ್ಟುತ್ತಿದ್ದ ಕೈ ನಿಂತಿತು. "ಅಷ್ಟು ಜನದ ಮುಂದೆ ಹೇಳಿಬಿಟ್ಟೆಯಾ?" ಎಂದಳು. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: "ಅಲ್ಲ ಕಣೋ, ಬಿಟ್ಟು ಓಡೋದಕ್ಕೂ ಮನೆ ನಡೆಸೋದಕ್ಕೂ ಇಂಗ್ಲಿಷಿನೋರಿಗೆ ಒಂದೇ ಮಾತಾ?"

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ಮೇಷ್ಟರಾಗಿ ವ್ಯಾಕರಣ ಪಾಠ ಮಾಡುವಾಗ ಸಿಕ್ಕಿತು. ಕನ್ನಡದಲ್ಲಿ 'ಓಡು' ಎಂಬುದು 'ಓಡಿಸು' ಆಗುತ್ತದೆ, 'ನಡೆ' ಎಂಬುದು 'ನಡೆಸು' ಆಗುತ್ತದೆ. ಪದದ ಬಾಲ ನೋಡಿದರೆ ಸಾಕು. ಇಂಗ್ಲಿಷಿನ ರನ್‌ಗೆ ಆ ಬಾಲವಿಲ್ಲ. ಅದರ ಮುಂದೆ ಏನಿದೆ ಎಂದು ನೋಡಬೇಕು. ಕರ್ಮಪದವಿಲ್ಲದಿದ್ದರೆ ಅದು ಅಕರ್ಮಕ: ತಾನೊಬ್ಬನೇ ಓಡುವುದು. ಅಂಗಡಿ, ಶಾಲೆ, ಸಂಸಾರ ಎಂದು ಒಂದು ಕರ್ಮ ಜೊತೆಗಿದ್ದರೆ ಸಕರ್ಮಕ: ಅದನ್ನು ನಡೆಸುವುದು. ಮಕ್ಕಳೇ, ಪದದ ಅರ್ಥವನ್ನು ಒಂಟಿಯಾಗಿ ಉರು ಹೊಡೆಯಬೇಡಿ. ಅದರ ಜೊತೆಗಾರರನ್ನು ನೋಡಿ. ತಂದೆತಾಯಿಯರೇ, 'ಇಷ್ಟು ಸಣ್ಣ ಪದದ ಅರ್ಥ ಗೊತ್ತಿಲ್ಲವೇ?' ಎಂದು ಗದರುವ ಮೊದಲು ಆ 645ನ್ನು ನೆನಪಿಸಿಕೊಳ್ಳಿ.

ಈ ಉತ್ತರವನ್ನು ಒಮ್ಮೆ ಅವ್ವನಿಗೂ ವಿವರಿಸಿದ್ದೆ. ಹೂವಿನ ಬುಟ್ಟಿ ಎತ್ತಿಕೊಳ್ಳುತ್ತಾ, "ಅದೆಲ್ಲ ನಂಗೆ ಗೊತ್ತಾಗಲ್ಲ. ಕರ್ಮ ಅಂದೆಯಲ್ಲ, ಅದು ಸರಿ" ಎಂದಳು.