ಆಷಾಢದಲ್ಲಿ ತೆನೆ ಬಿಟ್ಟ ರಾಗಿ

ನಾನು ಮೊದಲ ಬಾರಿಗೆ ಕವಿಗೋಷ್ಠಿಯಲ್ಲಿ ಪದ್ಯ ಓದಿದ್ದು 1996ರಲ್ಲಿ, ಹಲಸೂರಿನ ಒಂದು ಚಿಕ್ಕ ಸಭಾಂಗಣದಲ್ಲಿ. ರೈತನ ಮೇಲೆ ಬರೆದ ಪದ್ಯ ಅದು. ಆಷಾಢದ ಗಾಳಿಗೆ ರಾಗಿಯ ತೆನೆಗಳು ತೂಗುತ್ತವೆ, ಮಣ್ಣು ತಾಯಿಯಾಗಿ ಮಗನನ್ನು ಕರೆಯುತ್ತದೆ ಎಂದೆಲ್ಲ ಬರೆದಿದ್ದೆ. ಚಪ್ಪಾಳೆ ಬಿತ್ತು. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಬೆನ್ನು ತಟ್ಟಿದರು. ಆ ಖುಷಿಯಲ್ಲೇ ಶಿವಾಜಿನಗರದ ಮನೆಗೆ ಬಂದು ದಾದಿಗೆ ಓದಿ ಹೇಳಿದೆ.

ದಾದಿ ಎಲೆ ಅಡಿಕೆ ಜಗಿಯುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಬೇಟಾ, ಆಷಾಢದಲ್ಲಿ ರಾಗಿ ಎಲ್ಲಿ ತೆನೆ ಬಿಡುತ್ತೆ? ಅದು ಬಿತ್ತೋ ಕಾಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲ ಕೊಟ್ಟು ಎರಡು ವರ್ಷ ಆಯಿತು. ಅಷ್ಟಕ್ಕೇ ಮರೆತೆಯಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕೆ.ಆರ್. ಪುರಂ ಆಚೆ ನಮಗೆ ಎರಡು ಎಕರೆ ಹೊಲವಿತ್ತು. ದಾದಾ ಬದುಕಿರುವವರೆಗೂ ಉತ್ತರು. ಅಬ್ಬಾ ರಸೆಲ್ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ ಇಟ್ಟ ಮೇಲೆ ಹೊಲವನ್ನು ವಾರಕ್ಕೆ ಕೊಟ್ಟೆವು. 1994ರಲ್ಲಿ ಅಕ್ಕನ ಮದುವೆ, ಮನೆ ರಿಪೇರಿ ಎಂದು ಮಾರಿಬಿಟ್ಟೆವು. ಪತ್ರಕ್ಕೆ ಅಬ್ಬಾ ಮತ್ತು ನಾನು ಸಹಿ ಹಾಕಿದೆವು. ದಾದಿ ಹೆಬ್ಬೆಟ್ಟು ಒತ್ತಿದರು. ಅವರ ಬೆರಳನ್ನು ಹಿಡಿದು ಮಸಿಯ ಮೇಲೆ ಇಟ್ಟವನು ನಾನೇ. ಮಣ್ಣನ್ನು ತಾಯಿ ಎಂದು ಹಾಡಿದವನೂ ನಾನೇ.

ದಾದಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವರ ತಲೆಯಲ್ಲಿ ಎರಡು ಪಂಚಾಂಗಗಳಿದ್ದವು. ನಮಾಜು, ರೋಜಾ, ಹಬ್ಬಗಳಿಗೆ ಚಂದ್ರ. ಹೊಲಕ್ಕೆ ಮಳೆ ನಕ್ಷತ್ರ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಎಂದು ಊರಿನ ಒಕ್ಕಲಿಗರ ಜೊತೆ ಅವರೂ ಎಣಿಸುತ್ತಿದ್ದರು. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ರಂಜಾನ್ ಒಂದು ಕಾಲದಲ್ಲಿ ನಿಲ್ಲುವುದಿಲ್ಲ. ಸುಮಾರು 33 ವರ್ಷಗಳಲ್ಲಿ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. 1960ರ ದಶಕದ ಕೊನೆಯಲ್ಲಿ ಅದು ರಾಗಿ ಕೊಯ್ಲಿಗೆ ಬಂದಿತ್ತು. ರೋಜಾ ಇಟ್ಟುಕೊಂಡೇ ಕುಡುಗೋಲು ಹಿಡಿದದ್ದನ್ನು ದಾದಿ ಹೇಳುತ್ತಿದ್ದರು. ಚಳಿಗಾಲದ ಹಗಲು ಚಿಕ್ಕದು, ಅದೇ ಅಲ್ಲಾಹನ ದಯೆ ಎನ್ನುತ್ತಿದ್ದರು.

ನಮ್ಮ ಕಡೆ ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ತೆನೆ ಕಟ್ಟುವುದು ಸೆಪ್ಟೆಂಬರ್, ಅಕ್ಟೋಬರಿನ ಮಳೆಗೆ. ಕೊಯ್ಲು ನವೆಂಬರ್, ಡಿಸೆಂಬರಿನಲ್ಲಿ. ಇಷ್ಟು ತಿಳಿದಿದ್ದರೆ ನನ್ನ ಪದ್ಯ ಬೇರೆಯಾಗುತ್ತಿತ್ತು. ಅಥವಾ ನಾನು ಬರೆಯುತ್ತಲೇ ಇರಲಿಲ್ಲ.

ಆ ಮೇಲೆ ನಾನು ಕವಿಗಳನ್ನು ಬೇರೆ ರೀತಿಯಲ್ಲಿ ಓದಲು ಕಲಿತೆ. ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರು ನಾಡಿನ ನದಿ, ಜಲಪಾತ, ಕಾಡುಗಳನ್ನು ಕೊಂಡಾಡಿದ 'ನಿತ್ಯೋತ್ಸವ'ವನ್ನು ಎಲ್ಲರೂ ಬಲ್ಲರು. ಅವರು ಭೂವಿಜ್ಞಾನದ ಮೇಷ್ಟರು ಎಂಬುದನ್ನು ಮರೆಯುತ್ತೇವೆ. ಕಲ್ಲು ಮಣ್ಣನ್ನು ಅವರು ಕಲಿತು ಬಲ್ಲವರಾಗಿದ್ದರು. ಜಾನಪದ ಜಂಗಮ ಎನಿಸಿಕೊಂಡ ಎಸ್.ಕೆ. ಕರೀಂಖಾನ್ ಊರೂರು ತಿರುಗಿ ಜನಪದ ಗೀತೆಗಳನ್ನು ಸಂಗ್ರಹಿಸಿದರು. ಹಾಡಿಗಿಂತ ಮೊದಲು ಹಾಡುವವರ ಬಳಿ ಹೋಗಿ ಕೂತರು. ಇನ್ನು ಆಗ್ರಾದ ಉರ್ದು ಕವಿ ನಜೀರ್ ಅಕ್ಬರಾಬಾದಿ, ಮಳೆಗಾಲವನ್ನು ಹಾಡಿದಂತೆಯೇ ಬೀದಿಯಲ್ಲಿ ಮಾರುವ ಸೌತೆಕಾಯಿಯನ್ನೂ ಕಲ್ಲಂಗಡಿಯನ್ನೂ ಹಾಡಿದರು. ನಜೀರ್ ಅವರನ್ನು ಓದಿದಾಗ ನನಗೆ ಅಬ್ಬಾನ ಅಂಗಡಿ ನೆನಪಾಯಿತು. ಪಟ್ಟಣದವನಿಗೂ ಋತುಗಳಿವೆ, ಅವನು ಅವುಗಳನ್ನು ಕಣ್ಣಾರೆ ಕಂಡಿರಬೇಕು ಅಷ್ಟೆ.

ದಾದಿ 2003ರಲ್ಲಿ ತೀರಿಕೊಂಡರು. ಹೊಲವಿದ್ದ ಕಡೆ ಈಗ ಸೈಟುಗಳು, ನಾಲ್ಕು ಅಂತಸ್ತಿನ ಮನೆಗಳು. ಇಂದಿರಾನಗರದಲ್ಲಿ ಮೆಟ್ರೊ ಹತ್ತಿದರೆ ಕೆ.ಆರ್. ಪುರಕ್ಕೆ ಬೇಗನೆ ಹೋಗಿಬಿಡಬಹುದು. ಮೊನ್ನೆ ಹಾಗೆ ಹೋಗುವಾಗ ಮಗಳು, "ಅಬ್ಬಾ, ನಮ್ಮ ಹೊಲ ಎಲ್ಲಿತ್ತು?" ಎಂದು ಕೇಳಿದಳು. ಕಿಟಕಿಯಿಂದ ತೋರಿಸಲು ನೋಡಿದೆ. ನನಗೇ ಗುರುತು ಹತ್ತಲಿಲ್ಲ.

ಮರುದಿನ ಅವಳನ್ನು 1927ರಲ್ಲಿ ಕಟ್ಟಿದ ನಮ್ಮ ಹಳೆಯ ರಸೆಲ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಚಳಿಗೆ ಅವರೆಕಾಯಿ, ಬೇಸಿಗೆಗೆ ಮಾವು, ಮುಂಗಾರು ಬಂದಾಗ ನೇರಳೆ ಎಂದು ಹೇಳಿಕೊಟ್ಟೆ. ಅವರೆಕಾಯಿಯ ಸೊಗಡನ್ನು ಮೂಸಿ ನೋಡಿದಳು. ಇದು ರಾಗಿಯ ಸಾಲಿನ ನಡುವೆ ಬೆಳೆಯುತ್ತಿತ್ತು ಎಂದೆ. "ಯಾರು ಹೇಳಿದ್ದು?" ಎಂದಳು. ನನ್ನ ದಾದಿ ಎಂದೆ.

ಆ ಪದ್ಯವನ್ನು ನಾನು ಎಲ್ಲಿಯೂ ಪ್ರಕಟಿಸಲಿಲ್ಲ. ಹಸಿರು, ತೆನೆ, ತಾಯಿ ಎಂಬ ಪದಗಳು ಸುಲಭವಾಗಿ ಸಿಗುತ್ತವೆ. ಮಸಿ ಹತ್ತಿದ ಒಂದು ಹೆಬ್ಬೆಟ್ಟಿನ ಬಗ್ಗೆ ಬರೆಯಬೇಕಿತ್ತು. ಅದನ್ನು ಇನ್ನೂ ಬರೆಯಲಾಗಿಲ್ಲ.