ಆ ಜಾಗ ಖಾಲಿ ಇತ್ತಾ?

ಅಮೆರಿಕದ ಸೇಂಟ್ ಲೂಯಿಸ್, 1764ರಲ್ಲಿ ತುಪ್ಪಳದ ವ್ಯಾಪಾರಿಗಳು ಮಿಸಿಸಿಪ್ಪಿ ನದಿಯ ದಡದಲ್ಲಿ ಕಟ್ಟಿದ ಊರು. ಇಂದು ಅದರ ಗುರುತು ಗೇಟ್‌ವೇ ಆರ್ಚ್: 630 ಅಡಿ ಎತ್ತರದ, ಬುಡದಲ್ಲಿ ಅಷ್ಟೇ ಅಗಲದ ಸ್ಟೀಲಿನ ಕಮಾನು. ಪಶ್ಚಿಮಕ್ಕೆ ವಲಸೆ ಹೋದವರ ನೆನಪಿಗೆ ನಿಲ್ಲಿಸಿದ್ದು.

ಅದರ ಫೋಟೋ ತೋರಿಸಿದಾಗ ಉಮ್ಮ ಕೇಳಿದ್ದು ಒಂದೇ ಮಾತು: "ಹೊಳೆಯ ಬದಿಯಲ್ಲಿ ಇಷ್ಟು ಜಾಗ ಖಾಲಿ ಇತ್ತಾ ಮಗಾ?"

ಇರಲಿಲ್ಲ. 1939ರಿಂದ ಅಲ್ಲಿನ ಸುಮಾರು 40 ಬ್ಲಾಕ್‌ಗಳ ಹಳೆಯ ಕಟ್ಟಡಗಳನ್ನು ಕೆಡವಿದರು. 1834ರ ಇಗರ್ಜಿಯನ್ನು ಉಳಿಸಿಕೊಂಡರು. ಆದರೆ ಏನು ಕಟ್ಟಬೇಕೆಂಬ ಸ್ಪರ್ಧೆ ನಡೆದದ್ದು 1947ರಲ್ಲಿ! ಮರುವರ್ಷ ಈರೋ ಸಾರಿನೆನ್ ಗೆದ್ದರು. ಕೆಲಸ ಶುರುವಾದದ್ದು 1963ರಲ್ಲಿ, ಮುಗಿದದ್ದು 1965ರಲ್ಲಿ. ಅಷ್ಟರಲ್ಲಿ ಸಾರಿನೆನ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಊರು ಹುಟ್ಟಿದ ಆ ದಡದಲ್ಲಿ ಅಲ್ಲಿಯವರೆಗೆ ಕಾರು ನಿಲ್ಲಿಸುತ್ತಿದ್ದರು.

ಕಮಾನು ಚೆಂದವಿದೆ, ಸುಳ್ಳು ಹೇಳುವುದಿಲ್ಲ. ಆದರೆ ಯೋಜನೆ ಹಾಕಿದವರಿಗೆ ಮೊದಲು ಹೊಳೆದದ್ದು ಕೆಡವುವುದು.

ನಮ್ಮ ಕಾಸರಗೋಡಿನ ತಳಂಗರೆಯೂ ಹೊಳೆಬದಿಯ ಹಳೆಯ ಬಂದರು. ನಾಳೆ ಯಾರಾದರೂ ಚಂದ್ರಗಿರಿಯ ದಡದಲ್ಲಿ ಅದರ ನೆನಪಿಗೆ ದೊಡ್ಡ ಶಿಲ್ಪ ನಿಲ್ಲಿಸೋಣ ಎಂದರೆ ನಾನೂ ಖುಷಿಪಡುವವನೇ. ಆದರೆ ಶಿಲ್ಪದ ನಕ್ಷೆಗೂ ಮೊದಲು ಈಗ ಇರುವುದರ ಪಟ್ಟಿಯಾಗಲಿ: ದೋಣಿ ನಿಲ್ಲುತ್ತಿದ್ದ ಕಡವು, ಹಳೆಯ ಗೋದಾಮು, ಹೆಂಗಸರು ಕೂತು ತಳಂಗರೆ ಟೊಪ್ಪಿ ಹೊಲಿದ ಜಗಲಿ. ಆ ಪಟ್ಟಿ ಮಾಡಲು ಸರಕಾರದ ಹಣ ಬೇಕಿಲ್ಲ. ನಮ್ಮ ಮನೆಯ ಹಿರಿಯರ ಹತ್ತಿರ ಕೂತರೆ ಸಾಕು, ಅವರಿರುವಾಗಲೇ.